ದಾರಿಯ ಅಪಾಯವೂ ದೇವರ ನಂಬಿಗಸ್ತಿಕೆಯೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಪಾಠಶಾಲೆಯ ಅಭಿವೃದ್ಧಿಯನ್ನೂ ಪರೀಕ್ಷೆಯ ಫಲಿತಾಂಶಗಳನ್ನೂ ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಈ ಸಾರಿ ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ನಮ್ಮ ಮಕ್ಕಳು ದಿನವೂ ಮಾಡುವ ಪ್ರಯಾಣ, ಆ ಪ್ರಯಾಣದಲ್ಲಿರುವ ಅಪಾಯ, ಆ ಅಪಾಯದ ಎದುರಿನಲ್ಲಿ ಕ್ರೈಸ್ತ ಕುಟುಂಬಗಳವರಾದ ನಾವು ಆಡುವ ನಂಬಿಕೆಯ ಮಾತು, ಇವೇ ಆ ವಿಷಯ. ನಮ್ಮಲ್ಲಿ ಓದುವವರಲ್ಲಿ ಕ್ರೈಸ್ತರಲ್ಲದ ಮನೆಗಳ ಮಕ್ಕಳೇ ಹೆಚ್ಚು. ಅವರ ತಂದೆತಾಯಿಗಳೂ ಇದನ್ನು ಓದಲೆಂದೇ ನಮ್ಮ ಆಸೆ. ದೇವರ ಹೆಸರು ಹೇಳಿ ಗಾಡಿ ಹತ್ತುವುದು ಎಲ್ಲರ ಮನೆಯಲ್ಲಿಯೂ ಉಂಟಷ್ಟೆ.

ನಮ್ಮ ಸೀಮೆಯ ದಾರಿಗಳನ್ನು ಬಲ್ಲವರಿಗೆ ಅವುಗಳ ಅಪಾಯವನ್ನು ವಿವರಿಸಬೇಕಾಗಿಲ್ಲ. 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿನವರೆಗೆ ರೈಲು ಓಡತೊಡಗಿ, ಆ ಕಾಲಕ್ಕೆ ಕ್ಲೋಸ್‌ಪೇಟೆಯೆನಿಸಿಕೊಂಡಿದ್ದ ರಾಮನಗರಕ್ಕೂ ಚನ್ನಪಟ್ಟಣಕ್ಕೂ ಆ ಅನುಕೂಲ ದೊರೆಯಿತು. ಮಾಗಡಿಗೂ ಕನಕಪುರಕ್ಕೂ ಅದು ಇಂದಿಗೂ ದೊರೆತಿಲ್ಲ. ಆ ಕಡೆಯ ಮಕ್ಕಳಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಸರ್ಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವು ಆರಂಭವಾದ ಮೇಲೆ ಹೆಣ್ಣುಮಕ್ಕಳು ದುಡ್ಡಿನ ಚಿಂತೆಯಿಲ್ಲದೆ ಊರಿಂದೂರಿಗೆ ಹೋಗಿಬರುವಂತಾದುದು ಸಂತೋಷದ ಸಂಗತಿಯೇ ಸರಿ. ಆದರೆ ಬೆಳಗಿನ ಬಸ್ಸಿನಲ್ಲಿ ಬಾಗಿಲ ಮೆಟ್ಟಿಲಿನವರೆಗೂ ಮಕ್ಕಳು ಜೋತುಬಿದ್ದು ಬರುವುದನ್ನು ನಾವು ಗೇಟಿನ ಬಳಿ ನಿಂತು ಕಾಣುತ್ತಿರುತ್ತೇವೆ. ಅದೇ ವರ್ಷದ ಮಾರ್ಚ್ 12ರಂದು ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯು ಉದ್ಘಾಟಿತವಾಯಿತು. 119 ಕಿಲೋಮೀಟರಿನ ಆ ದಾರಿಯಲ್ಲಿ ಮೊದಲ ತಿಂಗಳುಗಳಲ್ಲಿಯೇ ಸಂಭವಿಸಿದ ಸಾವುಗಳು ಎಷ್ಟಾದುವೆಂದರೆ, ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳೂ ಆಟೋರಿಕ್ಷಾಗಳೂ ಟ್ರ್ಯಾಕ್ಟರುಗಳೂ ಅದರ ನಡುದಾರಿಯಲ್ಲಿ ಹೋಗಕೂಡದೆಂದು ನಿಷೇಧಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷ, ಎಂದರೆ 2022ರ ಆಗಸ್ಟ್ ಕೊನೆಯಲ್ಲಿ, ಕೆರೆಗಳು ಕೋಡಿ ಬಿದ್ದು ರಾಮನಗರದ ಬಳಿ ಅದೇ ದಾರಿ ಹೊಳೆಯಂತಾಗಿ ಬಸ್ಸುಗಳೂ ಕಾರುಗಳೂ ನೀರಿನಲ್ಲಿ ಸಿಕ್ಕಿಕೊಂಡುವು. ಕನಕಪುರ ಚನ್ನಪಟ್ಟಣಗಳ ಕಾಡಂಚಿನ ಹಳ್ಳಿಗಳಲ್ಲಿ ಆನೆಗಳ ಭಯ ಬೇರೆ. ನಸುಕಿನಲ್ಲಿ ಡೈರಿಗೆ ಹಾಲು ಹೊತ್ತೊಯ್ಯುವವನೂ ಮೊದಲನೆಯ ಬಸ್ಸಿಗೆಂದು ನಡೆಯುವ ಹುಡುಗಿಯೂ ಆನೆ ದಾಟುವ ದಾರಿಯನ್ನೇ ತುಳಿಯಬೇಕು.

ದೇಶದ ಲೆಕ್ಕವನ್ನು ನೋಡಿದರೆ ಎದೆ ನಡುಗುತ್ತದೆ. ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯೇ ಪ್ರಕಟಿಸಿರುವಂತೆ 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 50,000ಕ್ಕೆ ಮೇಲ್ಪಟ್ಟವರು ಹೆಲ್ಮೆಟ್ ಧರಿಸದೆ ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಇಷ್ಟು ಜನರಲ್ಲಿ ಬೆಳಿಗ್ಗೆ ಮನೆಯಿಂದ ಹೊರಡುವಾಗ ದೇವರಿಗೆ ಕೈಮುಗಿದು ಹೊರಟವರು ಎಷ್ಟು ಸಾವಿರ ಮಂದಿ ಇದ್ದಿರಬಹುದೋ! ನಮ್ಮ ದೇಶದ ಜನರ ಸ್ವಭಾವವನ್ನು ಬಲ್ಲವರು, ಬಹುಮಟ್ಟಿಗೆ ಎಲ್ಲರೂ ಎಂದಾರು.

ಈಗ ವಿಷಯಕ್ಕೆ ಬರೋಣ. ಪಾಠಶಾಲೆಯ ಗೇಟಿನ ಮುಂದೆ ಒಂದೇ ಸ್ಕೂಟರಿನಲ್ಲಿ ಮೂವರು ಮಕ್ಕಳನ್ನು ಕೂರಿಸಿಕೊಂಡು ಬಂದಿಳಿಯುವ ತಂದೆತಾಯಿಗಳು ಒಬ್ಬಿಬ್ಬರಲ್ಲ. ತಂದೆಯ ತಲೆಯ ಮೇಲೆ ಒಂದು ಹೆಲ್ಮೆಟ್ ಇದ್ದರೆ ಅದೇ ದೊಡ್ಡದು. ಮಕ್ಕಳ ತಲೆಗೆ ರಿಬ್ಬನು ಮಾತ್ರ. ನಾಲ್ಕು ವರ್ಷಕ್ಕೆ ಮೇಲ್ಪಟ್ಟ ಮಗುವಿಗೂ ಹೆಲ್ಮೆಟ್ ಇರಬೇಕೆಂದು 2019ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುವುದನ್ನು ನಾವು ಒಬ್ಬ ತಾಯಿಗೆ ತಿಳಿಸಲಾಗಿ, ಆಕೆ ನಗುಮುಖದಿಂದಲೇ, "ಪ್ರಾರ್ಥನೆ ಮಾಡಿಕೊಂಡೇ ಮನೆ ಬಿಡುತ್ತೇವೆ ಅಮ್ಮನವರೇ, ಕರ್ತನು ಕಾಯುತ್ತಾನೆ, ಇವತ್ತಿನವರೆಗೂ ಒಂದು ತರಚುಗಾಯವೂ ಆಗಿಲ್ಲ" ಎಂದರು. ಆಕೆಯ ಭಕ್ತಿಯಲ್ಲಿ ನಮಗೆ ಸಂದೇಹವಿಲ್ಲ. ಪ್ರತಿ ದಿನವೂ ಪ್ರಾರ್ಥನೆ ಮಾಡದೆ ಹೊರಡದ ಮನೆಗಳು ಇಂದಿಗೂ ಇವೆಯೆಂಬುದು ನಮಗೆ ಸಂತೋಷವೇ. ಆದರೆ ಆ ಮಾತಿನಲ್ಲಿ ಒಂದು ತಪ್ಪು ಅಡಗಿದೆ. ಸತ್ಯವೇದದಲ್ಲಿ ದೇವದೂತರು ಭಕ್ತನನ್ನು ಕೈಗಳಲ್ಲಿ ಎತ್ತಿಕೊಂಡು ಕಾಯುವರೆಂದು ಹೇಳುವ ಕೀರ್ತನೆಯೊಂದು, 91ನೆಯದು, ಉಂಟು. ಎಷ್ಟೋ ಮನೆಗಳಲ್ಲಿ ಪ್ರಯಾಣಕ್ಕೆ ಮುಂಚೆ ಅದನ್ನೇ ಓದುವರು. ಆ ಕೀರ್ತನೆಯನ್ನು ಹೊಸ ಒಡಂಬಡಿಕೆಯಲ್ಲಿ ಬಾಯಿಪಾಠವಾಗಿ ಒಪ್ಪಿಸುವವನು ಯಾರೆಂದು ಬಲ್ಲಿರಾ? ಸೈತಾನನು. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಅವನು ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ವಾಗ್ದಾನವಿದೆಯಲ್ಲಾ, ಧುಮುಕಿಬಿಡು ಎನ್ನುತ್ತಾನೆ. ಕರ್ತನು ಆ ವಾಗ್ದಾನವನ್ನು ಸುಳ್ಳೆನ್ನಲಿಲ್ಲ. ಅದನ್ನು ಹಿಡಿದು ದೇವರನ್ನು ಪರೀಕ್ಷೆಗೆ ಗುರಿಮಾಡಕೂಡದೆಂದನು. ಮೆಟ್ಟಿಲುಗಳನ್ನು ಇಳಿದೇ ಕೆಳಗೆ ಬಂದಿರಬೇಕು.

ಹಾಗಾದರೆ ದೇವರ ನಂಬಿಗಸ್ತಿಕೆಯ ಮೇಲೆ ಭರವಸವಿಟ್ಟು ಪ್ರಯಾಣ ಮಾಡುವುದೆಂದರೇನು? ಇದಕ್ಕೆ ಪೌಲನು ರೋಮಾಪುರಕ್ಕೆ ಹೋದ ಸಮುದ್ರಯಾನಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಾಣೆವು. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ನಾವು ಪ್ರತಿ ವರ್ಷವೂ ಒಂಬತ್ತನೆಯ ತರಗತಿಯ ಮಕ್ಕಳಿಗೆ ಭೂಪಟವನ್ನು ತೂಗುಹಾಕಿ ಓದಿಸುತ್ತೇವೆ. ಅದು ಪ್ರಾಚೀನ ಕಾಲದ ನೌಕಾಯಾನದ ವಿವರಣೆಗಳಲ್ಲಿ ಬಹಳ ಸ್ಪಷ್ಟವಾದುದೆಂದು ಹಡಗಿನ ವಿದ್ಯೆಯನ್ನು ಬಲ್ಲವರೂ ಒಪ್ಪಿದ್ದಾರೆ. ಕ್ರೇತ ದ್ವೀಪದ ರೇವಿನಲ್ಲಿ ಹಡಗು ನಿಂತಿದ್ದಾಗ ಚಳಿಗಾಲ ಹತ್ತಿರವಾಗಿತ್ತು. ಮುಂದೆ ಹೋಗುವುದು ಬೇಡ, ನಷ್ಟವಾಗುತ್ತದೆ ಎಂದು ಪೌಲನು ಎಚ್ಚರಿಸಿದನು. ಅಪಾಯವನ್ನು ಮೊದಲು ಎತ್ತಿ ಹೇಳಿದವನು ಆ ಹಡಗಿನ ಅತ್ಯಂತ ದೊಡ್ಡ ವಿಶ್ವಾಸಿಯೇ ಎಂಬುದನ್ನು ವಾಚಕರು ಗಮನಿಸಬೇಕು. ಶತಾಧಿಪತಿಯು ಅವನ ಮಾತಿಗಿಂತ ಹಡಗಿನ ಯಜಮಾನನ ಮಾತಿಗೆ ಹೆಚ್ಚು ಬೆಲೆ ಕೊಟ್ಟನು. ತೆಂಕಣ ಗಾಳಿ ಮೆಲ್ಲಗೆ ಬೀಸಿತು. ಎಲ್ಲರೂ ಇದೇ ಸುಮುಹೂರ್ತವೆಂದು ಲಂಗರು ಎತ್ತಿದರು. ನಮ್ಮ ಕಾರು ಬಸ್ಸುಗಳ ಚಾಲಕರು ಬರಿದಾದ ಹೆದ್ದಾರಿಯನ್ನು ಕಂಡಾಗ ಮಾಡುವುದೂ ಇದೇ ಅಲ್ಲವೆ?

ಬಿರುಗಾಳಿಯೆದ್ದು ಹದಿನಾಲ್ಕು ರಾತ್ರಿಗಳು ಕಳೆದುವು. ಆ ಮಧ್ಯೆ ಒಬ್ಬರ ಪ್ರಾಣವೂ ಹೋಗುವುದಿಲ್ಲವೆಂದು ದೇವರಿಂದ ಪೌಲನಿಗೆ ಮಾತು ಬಂತು. ಇಂಥ ವಾಗ್ದಾನ ನಮ್ಮಲ್ಲಿ ಯಾರಿಗಾದರೂ ದೊರೆತಿದ್ದರೆ, ಇನ್ನೇನು, ಕೈಕಟ್ಟಿ ಕುಳಿತುಬಿಡುತ್ತಿದ್ದೆವು. ಪೌಲನು ಮಾಡಿದ್ದೇನು? ನಾವಿಕರು ಲಂಗರು ಇಳಿಸುವ ನೆಪದಿಂದ ಸಣ್ಣ ದೋಣಿಯನ್ನು ನೀರಿಗಿಳಿಸಿ ಓಡಿಹೋಗಲು ಹವಣಿಸಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನಿಮಗೆ ರಕ್ಷಣೆಯಿಲ್ಲವೆಂದು ಶತಾಧಿಪತಿಗೆ ತಿಳಿಸಿದನು. ದೇವರು ಮಾತು ಕೊಟ್ಟಾಗಿದೆ. ಆದರೂ ಹಡಗು ನಡೆಸಬಲ್ಲವರು ಹಡಗಿನಲ್ಲಿರಬೇಕು. ಬೆಳಗಾಗುತ್ತಿರಲು ಎಲ್ಲರೂ ಊಟ ಮಾಡಿ ಬಲ ತಂದುಕೊಳ್ಳಿರೆಂದು ಹೇಳಿ, ತಾನೇ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿ ತಿಂದನು. 276 ಮಂದಿಯಲ್ಲಿ ಈಜು ಬಲ್ಲವರು ಈಜಿದರು, ಬಾರದವರು ಹಲಗೆ ಹಿಡಿದು ತೇಲಿದರು, ಎಲ್ಲರೂ ದಡ ಸೇರಿದರು. ದೇವರ ವಾಗ್ದಾನವು ನೆರವೇರಿದುದು ನಾವಿಕರ ಕೈಗಳಿಂದ, ಹೊಟ್ಟೆಗೆ ಬಿದ್ದ ರೊಟ್ಟಿಯಿಂದ, ಒಡೆದ ಹಡಗಿನ ಹಲಗೆಗಳಿಂದ. ಹೆಲ್ಮೆಟ್ಟು ಅಪನಂಬಿಕೆಯ ಗುರುತೆಂದು ಭಾವಿಸುವವರು ಆ ಹಲಗೆಗಳನ್ನು ನೆನೆಯತಕ್ಕದ್ದು.

ಇದಕ್ಕೆ ಪ್ರತಿಯಾಗಿ ಯಾರಾದರೂ ಎಜ್ರನ ದೃಷ್ಟಾಂತವನ್ನು ಮುಂದಿಡಬಹುದು. ಬಾಬೆಲಿನಿಂದ ಯೆರೂಸಲೇಮಿಗೆ ಬೆಳ್ಳಿಬಂಗಾರಗಳನ್ನೂ ಹೆಂಡಿರುಮಕ್ಕಳನ್ನೂ ಕರೆದುಕೊಂಡು ಹೊರಟ ಎಜ್ರನು, ದೇವರು ತನ್ನನ್ನು ಆಶ್ರಯಿಸುವವರನ್ನು ಕಾಯುವನೆಂದು ರಾಜನ ಎದುರಿಗೆ ಹೇಳಿಬಿಟ್ಟಿದ್ದುದರಿಂದ, ದಾರಿಯ ಕಳ್ಳರಿಗೆ ಅಂಜಿ ಕುದುರೆಯ ಕಾವಲನ್ನು ಕೇಳಲು ನಾಚಿದನು. ಅಹವಾ ಹೊಳೆಯ ದಡದಲ್ಲಿ ಉಪವಾಸವಿದ್ದು ಪ್ರಾರ್ಥಿಸಿ, ಕಾವಲಿಲ್ಲದೆಯೇ ಹೊರಟನು. ನಿಜ. ಆದರೆ ಕೆಲವು ವರ್ಷಗಳ ಮೇಲೆ ಅದೇ ಅರ್ತಷಸ್ತ ರಾಜನ ಬಳಿಯಿಂದ ಅದೇ ಯೆರೂಸಲೇಮಿಗೆ ಹೊರಟ ನೆಹೆಮೀಯನು ಸೇನಾಪತಿಗಳನ್ನೂ ರಾಹುತರನ್ನೂ ಜೊತೆಗೆ ಕರೆದುಕೊಂಡೇ ಹೋದನು, ನಾಚಲಿಲ್ಲ. ಸತ್ಯವೇದವು ಇವರಲ್ಲಿ ಒಬ್ಬನನ್ನು ಹೊಗಳಿ ಮತ್ತೊಬ್ಬನನ್ನು ತೆಗಳುವುದಿಲ್ಲ. ಕಾವಲು ಬೇಡವೆಂದ ಎಜ್ರನೂ ಕೈಬೀಸಿಕೊಂಡು ಹೊರಟವನಲ್ಲ. ಬೆಳ್ಳಿಬಂಗಾರಗಳನ್ನು ಯಾಜಕರ ಕೈಗೆ ತೂಗಿ ಒಪ್ಪಿಸಿ, ಯೆರೂಸಲೇಮಿನಲ್ಲಿ ತೂಗಿ ಲೆಕ್ಕ ತೆಗೆದುಕೊಳ್ಳುವ ಏರ್ಪಾಡು ಮಾಡಿ ಹೊರಟನು. ಅಲ್ಲದೆ ಎಜ್ರನು ಕೇಳದೆ ಬಿಟ್ಟದ್ದು ರಾಜನ ದಾಕ್ಷಿಣ್ಯವನ್ನು. ನಾವು ಹೆಲ್ಮೆಟ್ಟನ್ನು ಬಿಡುವುದು ಅಂಥ ಯಾವ ಸಾಕ್ಷಿಗಾಗಿಯೂ ಅಲ್ಲ, ಸೆಕೆಯಾಗುತ್ತದೆಂದು, ಕೂದಲು ಕೆದರುತ್ತದೆಂದು.

ನಮ್ಮ ನೆರೆಹೊರೆಯವರಿಂದಲೂ ಕಲಿಯುವುದು ಉಂಟು. ಕನಕಪುರ ರಾಮನಗರಗಳ ಕಡೆಯ ಸಾವಿರಾರು ಮಂದಿ ಶಿವರಾತ್ರಿಯ ಕಾಲದಲ್ಲಿ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಹೋಗುವರಷ್ಟೆ. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆ ಅವರು ಹೊಳೆಯನ್ನು ದಾಟಬೇಕು. ಕಲ್ಲುಗಳು ಜಾರುತ್ತವೆ, ಸೆಳವು ಎಲ್ಲಿದೆಯೆಂದು ಹೇಳಲಾಗದು. ಅಡ್ಡಲಾಗಿ ಕಟ್ಟಿದ ಹಗ್ಗವನ್ನು ಹಿಡಿದು, ತಲೆಯ ಮೇಲೆ ಗಂಟು ಹೊತ್ತು, ಮುದುಕರೂ ಹೆಂಗಸರೂ ಸಾಲಾಗಿ ದಾಟುತ್ತಾರೆ. ಅವರ ಮತವು ನಮ್ಮದಲ್ಲ, ಆದರೂ ಆ ಹಗ್ಗವನ್ನು ಹಿಡಿದ ಮಾತ್ರಕ್ಕೆ ಅವರ ಭಕ್ತಿ ಕಡಿಮೆಯೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಅದೇ ಸಂಗಮದಲ್ಲಿಯೂ ಮೇಕೆದಾಟಿನಲ್ಲಿಯೂ, ಇತ್ತ ಮಾಗಡಿ ಸೀಮೆಯ ಮಂಚನಬೆಲೆಯಲ್ಲಿಯೂ, ಸಂತೋಷಕ್ಕೆಂದು ಬಂದು ನೀರಿಗಿಳಿದ ಪಟ್ಟಣದ ಹುಡುಗರು ಎಷ್ಟೋ ಮಂದಿ ಹಿಂತಿರುಗಿಲ್ಲ. ಎಚ್ಚರಿಕೆಯ ಹಲಗೆಗಳು ಅಲ್ಲಿ ನೆಟ್ಟಿವೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಕೆಲವರಿಗೆ ಇದು ಹಿತವಾಗಲಿಕ್ಕಿಲ್ಲ. ಅಪಘಾತದಿಂದ ಪಾರಾದವರು ಸಭೆಯಲ್ಲಿ ಎದ್ದು ಸಾಕ್ಷಿ ಹೇಳುವ ಪದ್ಧತಿ ನಮ್ಮಲ್ಲಿದೆ. ಬಸ್ಸು ಮಗುಚಿತು, ನಾವು ಪ್ರಾರ್ಥನೆ ಮಾಡಿದ್ದೆವು, ಆದದರಿಂದ ದೇವರು ನಮ್ಮನ್ನು ಉಳಿಸಿದನು ಎನ್ನುವರು. ಕೃತಜ್ಞತೆ ಸಲ್ಲಿಸುವುದು ತಕ್ಕದ್ದೇ. ಸಲ್ಲಿಸದೆ ಇರುವುದೇ ಪಾಪ. ಆದರೆ ಆ 'ಆದದರಿಂದ' ಎಂಬ ಒಂದು ಮಾತು ಎರಡನೆಯ ಸಾಲಿನಲ್ಲಿ ಕುಳಿತಿರುವ ವಿಧವೆಯ ಎದೆಗೆ ಹೇಗೆ ನಾಟುವುದೆಂದು ಯಾರಾದರೂ ಯೋಚಿಸಿದ್ದಾರೆಯೇ? ಆಕೆಯ ಗಂಡನೂ ಪ್ರಾರ್ಥನೆ ಮಾಡಿಯೇ ಹೊರಟಿದ್ದನು. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಪೇತ್ರನನ್ನಾದರೋ ದೇವದೂತನು ಸೆರೆಯಿಂದ ಬಿಡಿಸಿದನು. ಇಬ್ಬರೂ ಒಬ್ಬ ಕರ್ತನ ಶಿಷ್ಯರು, ಇಬ್ಬರೂ ಒಂದೇ ಸಭೆಗೆ ಸೇರಿದವರು. ಯಾಕೋಬನ ತಾಯಿಯು ಅಂದು ಬದುಕಿದ್ದರೆ, ಪೇತ್ರನು ಬಾಗಿಲು ತಟ್ಟಿದಾಗ ಆ ಮನೆಯಲ್ಲಿ ಎದ್ದ ಸಂತೋಷದ ಗದ್ದಲವನ್ನು ಹೇಗೆ ಕೇಳಿದ್ದಾಳು? ಪೇತ್ರನು ಹೆಚ್ಚು ಪ್ರಾರ್ಥಿಸಿದನೆಂದಾಗಲಿ ಯಾಕೋಬನ ನಂಬಿಕೆ ಕಡಿಮೆಯಾಗಿತ್ತೆಂದಾಗಲಿ ಲೂಕನು ಬರೆಯುವುದಿಲ್ಲ, ಕಾರಣವನ್ನೇ ಕೊಡುವುದಿಲ್ಲ. ಸಿಲೋವದ ಗೋಪುರವು ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯದಲ್ಲಿಯೂ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಎಣಿಸಬೇಡಿರೆಂದು ಕರ್ತನು ಬಾಯಿಬಿಟ್ಟೇ ಹೇಳಿದ್ದಾನೆ.

2010ರ ಮೇ 22ರಂದು ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ವಿಮಾನವು ಓಡುಹಾದಿಯನ್ನು ಮೀರಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಕರಾವಳಿಯ ಹಿಂದೂ ಮುಸಲ್ಮಾನ ಕ್ರೈಸ್ತ ಮನೆಗಳೆಲ್ಲವೂ ಅಂದು ಅತ್ತುವು. ಆ ಎಂಟು ಮಂದಿಯ ಮನೆಯವರು ದೇವರನ್ನು ಸ್ತುತಿಸಿದ್ದು ನ್ಯಾಯ. 158 ಮಂದಿಯ ಮನೆಯವರಿಗೆ ದೇವರು ಅಪನಂಬಿಗಸ್ತನಾದನೋ? ಆದನೆಂದು ಹೇಳುವ ಧೈರ್ಯ ಯಾವ ಕ್ರೈಸ್ತನಿಗೂ ಇಲ್ಲ. ಆಗಲಿಲ್ಲವೆಂದು ಹೇಳಬೇಕಾದರೆ, ನಂಬಿಗಸ್ತಿಕೆಯೆಂಬ ಮಾತಿಗೆ ಊರು ಮುಟ್ಟಿಸುವುದಕ್ಕಿಂತ ಆಳವಾದ ಅರ್ಥವನ್ನು ಹುಡುಕಲೇಬೇಕು.

ಆ ಅರ್ಥವನ್ನು ನಾವು ಪುಸ್ತಕಗಳಲ್ಲಿ ಕಂಡಿರುವುದಕ್ಕಿಂತ ಹೆಚ್ಚಾಗಿ ನಮ್ಮ ಮಿಷನ್ನಿನ ಹಿರಿಯರ ಪ್ರಯಾಣಗಳಲ್ಲಿ ಕಂಡಿದ್ದೇವೆ. ಇಂದಿನ ಮಕ್ಕಳಿಗೆ ಇವು ಹೊಸ ಕಥೆಗಳಾಗಿರಬಹುದು. ಮೆಥೊಡಿಸ್ಟ್ ಸಭೆಯವರು ಏಷ್ಯಾ ಖಂಡಕ್ಕೆ ಕಳುಹಿಸಿದ ಮೊದಲನೆಯ ಗುಂಪಿನ ನಾಯಕರು ತಾಮಸ್ ಕೋಕ್ ಎಂಬ ವೃದ್ಧರು. ಸಭೆಯ ಹಿರಿಯರು ಹಿಂದೆಗೆದಾಗ ತಮ್ಮ ಸ್ವಂತ ಹಣವನ್ನು ಒಡ್ಡಿ ಹೊರಟವರು ಅವರು. 1814ರ ಮೇ 3ರ ಬೆಳಿಗ್ಗೆ, ಹಡಗು ಹಿಂದೂ ಮಹಾಸಾಗರದ ನಡುವೆ ಇರುವಾಗ, ಅವರು ತಮ್ಮ ಕೋಣೆಯಲ್ಲಿ ಸತ್ತು ಬಿದ್ದಿದ್ದುದನ್ನು ಸೇವಕನು ಕಂಡನು. ಸಮುದ್ರದಲ್ಲಿಯೇ ಅವರಿಗೆ ಸಮಾಧಿಯಾಯಿತು. ಅವರು ಪ್ರಾರ್ಥಿಸುತ್ತಿದ್ದ ದೇಶವನ್ನು ಅವರ ಕಣ್ಣು ಕಾಣಲಿಲ್ಲ. ನಾಯಕನೂ ಇಲ್ಲದೆ ಕೈಯಲ್ಲಿ ಹಣವೂ ಇಲ್ಲದೆ ಉಳಿದ ಯುವಕರು ಮುಂದುವರಿದು ಜೂನ್ ಕೊನೆಯಲ್ಲಿ ಸಿಂಹಳ ದ್ವೀಪವನ್ನು ಸೇರಿದರು. ಅವರಲ್ಲೊಬ್ಬರು 1817ರಲ್ಲಿ ಮದ್ರಾಸಿಗೆ ಬಂದರು. ಅಲ್ಲಿಂದ ಆ ಕೆಲಸವು ಬೆಂಗಳೂರಿಗೂ ಮೈಸೂರು ಸೀಮೆಗೂ ಹಬ್ಬಿತು. ಬೆಂಗಳೂರಿಗೆ ಮೊದಲು ಬಂದವರಲ್ಲಿ ಒಬ್ಬರಾದ ಎಲೈಜಾ ಹೂಲ್ ಎಂಬ ತರುಣರ ಹಡಗು 1820ರಲ್ಲಿ ಸಿಂಹಳದ ಸಮೀಪದಲ್ಲಿ ಸಿಡಿಲು ಬಡಿದು ಉರಿದುಹೋಯಿತು. ಅವರು ದೋಣಿ ಹತ್ತಿ ಜೀವ ಉಳಿಸಿಕೊಂಡರು, ಪುಸ್ತಕಗಳೆಲ್ಲವೂ ಹೋದುವು. ಒಬ್ಬರು ಶಾಂತವಾದ ಸಮುದ್ರದಲ್ಲಿ ಸತ್ತರು, ಇನ್ನೊಬ್ಬರು ಉರಿಯುವ ಹಡಗಿನಿಂದ ಪಾರಾದರು. ಇಬ್ಬರಿಗಾಗಿಯೂ ಇಂಗ್ಲೆಂಡಿನ ಅದೇ ಸಭೆಯವರು ಪ್ರಾರ್ಥಿಸುತ್ತಿದ್ದರು.

ಇವರೆಲ್ಲರಿಗೂ ಗುರುವಾದ ಜಾನ್ ವೆಸ್ಲಿಯವರ ಅನುಭವವೂ ಪ್ರಸಿದ್ಧವಾದುದೇ. 1736ರ ಜನವರಿ 25ರಂದು ಅವರು ಅಮೆರಿಕಕ್ಕೆ ಹೋಗುತ್ತಿದ್ದ ಹಡಗಿಗೆ ಬಿರುಗಾಳಿ ಬಡಿದು, ದೊಡ್ಡ ಹಾಯಿ ಹರಿದು, ನೀರು ಅಟ್ಟಗಳ ನಡುವೆ ನುಗ್ಗಿತು. ಇಂಗ್ಲಿಷರು ಕಿರಿಚಿಕೊಂಡರು. ಅದೇ ಹಡಗಿನಲ್ಲಿದ್ದ ಮೊರೇವಿಯದ ಬಡ ಕ್ರೈಸ್ತರು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ವೆಸ್ಲಿಯವರು ಆಮೇಲೆ ಒಬ್ಬನನ್ನು ಕೇಳಿದರೆ, ಇಲ್ಲವೆಂದನು; ನಿಮ್ಮ ಹೆಂಗಸರಿಗೆ ಮಕ್ಕಳಿಗೆ ಎಂದರೆ, ನಮ್ಮ ಹೆಂಗಸರೂ ಮಕ್ಕಳೂ ಸಾವಿಗೆ ಅಂಜುವವರಲ್ಲವೆಂದನು. ಹಡಗು ಮುಳುಗುವುದಿಲ್ಲವೆಂದು ನಮಗೆ ಖಂಡಿತವಾಗಿ ಗೊತ್ತಿತ್ತು ಎಂದು ಆ ಮನುಷ್ಯನು ಹೇಳಲಿಲ್ಲ. ಮುಳುಗಿದರೂ ತಾವು ದೇವರ ಕೈಯಿಂದ ಜಾರಿಹೋಗುವುದಿಲ್ಲವೆಂಬುದೇ ಅವರ ಧೈರ್ಯ. ದೇವರ ನಂಬಿಗಸ್ತಿಕೆಯೆಂದರೆ ನಮ್ಮ ತಿಳಿವಳಿಕೆಗೆ ಬಂದ ಮಟ್ಟಿಗೆ ಇದೇ. ಚಕ್ರ ಜಾರದೆಂಬ ಮುಚ್ಚಳಿಕೆಯನ್ನು ಆತನು ಯಾರಿಗೂ ಬರೆದುಕೊಟ್ಟಿಲ್ಲ. ಜಾರಿದಲ್ಲಿಯೂ ಆತನು ಇದ್ದಾನೆ, ಆಸ್ಪತ್ರೆಯ ಮಂಚದ ಬಳಿಯೂ ಇದ್ದಾನೆ, ವಿಧವೆಯಾದವಳ ಒಲೆಯ ಮುಂದೆಯೂ ಇದ್ದಾನೆ. ಹೀಗೆ ತಿಳಿದವನಿಗೆ ಹೆಲ್ಮೆಟ್ ಹಾಕಿಕೊಳ್ಳಲು ನಾಚಿಕೆಯಿಲ್ಲ, ಹೊರಡಲು ಅಂಜಿಕೆಯೂ ಇಲ್ಲ.

ಅಂಜಿಕೆಯೆಂದೆವು. ನಮ್ಮ ಮನೆಗಳಲ್ಲಿ ಕಾಣುವ ಇನ್ನೊಂದು ದೋಷವು ಅದೇ. ಹೆಣ್ಣುಮಕ್ಕಳ ಪಾಠಶಾಲೆಯನ್ನು ನಡೆಸುವ ನಮಗೆ ಅದು ಮೊದಲನೆಯದಕ್ಕಿಂತಲೂ ಹೆಚ್ಚು ನೋವನ್ನುಂಟುಮಾಡುತ್ತದೆ. ಮಗನನ್ನು ಹೆಲ್ಮೆಟ್ಟಿಲ್ಲದೆ ಹೆದ್ದಾರಿಯ ಬಳಿ ಬೈಕು ಓಡಿಸಲು ಬಿಡುವ ತಂದೆಯೇ, ಮಗಳು ದಾದಿಯ ಶಿಕ್ಷಣಕ್ಕೆ ಮಂಗಳೂರಿಗೋ ಮೈಸೂರಿಗೋ ಹೋಗುವೆನೆಂದರೆ, ಕಾಲ ಕೆಟ್ಟಿದೆ, ದಾರಿ ಕೆಟ್ಟಿದೆ, ದೇವರ ಚಿತ್ತವಿದ್ದರೆ ಇಲ್ಲಿಯೇ ಏನಾದರೂ ಆದೀತು ಎನ್ನುತ್ತಾನೆ. ಮಗನ ವಿಷಯದಲ್ಲಿ ದೇವರ ಮೇಲೆ ಬೆಟ್ಟದಷ್ಟು ಭರವಸ. ಮಗಳ ವಿಷಯದಲ್ಲಿ ಸಾಸುವೆಯಷ್ಟೂ ಇಲ್ಲ! ಮಾಗಡಿಯ ಕಡೆಯ ಒಬ್ಬ ತಂದೆಯವರು, ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದ ಮಗಳ ವರ್ಗಾವಣೆ ಪತ್ರವನ್ನು ತೆಗೆದುಕೊಂಡು ಹೋಗಲು ಬಂದಿದ್ದಾಗ ನಾವು ಮುಂದೇನೆಂದು ಕೇಳಿದೆವು. "ಮನೆಯಲ್ಲಿರಲಿ ಮೇಡಮ್ಮನವರೇ, ಬಸ್ಸಿನಲ್ಲಿ ಒಬ್ಬಳನ್ನೇ ಕಳುಹಿಸಲು ಎದೆ ಹೊಡೆದುಕೊಳ್ಳುತ್ತದೆ" ಎಂದರು. ಆ ಹುಡುಗಿಯು ಬಾಗಿಲ ಹೊರಗೆ ನಿಂತು ನೆಲ ನೋಡುತ್ತಿದ್ದಳು. ಆ ಎದೆಬಡಿತವನ್ನು ನಾವು ಹಗುರವೆಣಿಸುವವರಲ್ಲ. ಆದರೆ ಮಗಳು ಮನೆಯಲ್ಲಿದ್ದರೆ ಅಪಾಯವಿಲ್ಲವೆಂದು ಯಾರು ಹೇಳಿದರು? ಓದಿಲ್ಲದೆ, ಕೈಯಲ್ಲಿ ಕೆಲಸವಿಲ್ಲದೆ, ಹದಿನೆಂಟಕ್ಕೆ ಮದುವೆಯಾಗಿ ಹೋಗುವ ಹುಡುಗಿಯು ಹತ್ತುವ ಬಂಡಿಯೂ ಒಂದು ಪ್ರಯಾಣವೇ. ಅದರ ಅಪಾಯದ ಲೆಕ್ಕವನ್ನು ಯಾವ ಸಾರಿಗೆ ಇಲಾಖೆಯೂ ಇಡುವುದಿಲ್ಲ.

1527ರಲ್ಲಿ ವಿಟ್ಟೆನ್‌ಬರ್ಗಿನಲ್ಲಿ ಪ್ಲೇಗು ಬಂದಾಗ ಮಾರ್ಟಿನ್ ಲೂಥರರು ಒಂದು ಪತ್ರಿಕೆಯನ್ನು ಬರೆದರು. ಕ್ರೈಸ್ತನು ಪ್ಲೇಗಿಗೆ ಅಂಜಿ ಊರು ಬಿಡಬಹುದೋ ಬಾರದೋ ಎಂಬುದೇ ಅದರ ಪ್ರಶ್ನೆ. 2020ರ ರೋಗದ ಕಾಲದಲ್ಲಿ ಎಷ್ಟೋ ಸಭೆಯವರು ಅದನ್ನು ಮತ್ತೆ ತೆಗೆದು ಓದಿದರು. ದೇವರನ್ನು ಬೇಡಿಕೊಂಡು, ಮದ್ದು ತೆಗೆದುಕೊಂಡು, ಗಾಳಿಯನ್ನು ಶುದ್ಧಮಾಡಿ, ತಮ್ಮ ಅವಶ್ಯಕತೆಯಿಲ್ಲದ ಕಡೆಗೆ ಹೋಗದೆ ಇರುವೆವೆಂದೂ, ನೆರೆಯವನಿಗೆ ತಾವು ಬೇಕಾದರೆ ಎಲ್ಲಿಗಾದರೂ ಅಂಜದೆ ಹೋಗುವೆವೆಂದೂ ಅದರ ತಾತ್ಪರ್ಯ. ಅವರು ತಾವೇ ಊರು ಬಿಡದೆ ರೋಗಿಗಳ ನಡುವೆ ಉಳಿದರು. ಅನಾವಶ್ಯಕವಾದ ಅಪಾಯಕ್ಕೆ ಹೋಗಬಾರದು, ಕರ್ತವ್ಯದ ದಾರಿಯಲ್ಲಿರುವ ಅಪಾಯಕ್ಕೆ ಹಿಂದೆಗೆಯಬಾರದು ಎಂಬ ಈ ವಿಭಾಗವನ್ನು ನಾವು ನಮ್ಮ ಸೀಮೆಯ ದಾರಿಗಳಿಗೂ ಅನ್ವಯಿಸಬಹುದು. ರಾತ್ರಿ ಹನ್ನೊಂದಕ್ಕೆ ಮದುವೆಯ ಊಟ ಮುಗಿಸಿ ನಿದ್ದೆಗಣ್ಣಿನಲ್ಲಿ ಕಾರು ಹೊರಡಿಸುವುದು ಯಾವ ಕರ್ತವ್ಯ? ಹಳ್ಳಿಯ ಹುಡುಗಿಯು ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿ ಕಾಲೇಜಿಗೆ ಹೋಗುವುದಾದರೋ ಕರ್ತವ್ಯವೇ. ಹಿಂದೆ ಬೈಬಲ್ ಸ್ತ್ರೀಯರೆಂದು ಕರೆಯಲ್ಪಡುತ್ತಿದ್ದ ನಮ್ಮ ಅಜ್ಜಿಯರು ಬಿಸಿಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋಗುತ್ತಿದ್ದರು. ಅವರ ಮೊಮ್ಮಕ್ಕಳನ್ನು ಬಸ್ಸಿನ ಭಯಕ್ಕೆ ಮನೆಯಲ್ಲಿ ಕೂರಿಸಿದರೆ ಆ ಅಜ್ಜಿಯರು ಏನೆಂದಾರು?

ಪಾಠಶಾಲೆಯ ಪ್ರವಾಸದ ವಿಷಯವಾಗಿ ಪೋಷಕರು ನಮ್ಮನ್ನು ಕೇಳುತ್ತಲೇ ಇರುವುದರಿಂದ ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಸತ್ತರು. ಆ ಸುದ್ದಿಯನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಈ ಉದ್ಯೋಗದಲ್ಲಿರುವ ಯಾರಿಗೂ ಬಂದಿರಲಾರದು. ಪ್ರವಾಸವನ್ನೇ ನಿಲ್ಲಿಸಿಬಿಡಿರೆಂದು ಹಲವರು ಬರೆದರು. ನಾವು ನಿಲ್ಲಿಸಲಿಲ್ಲ. ಸಮುದ್ರವನ್ನೂ ಹಳೇಬೀಡನ್ನೂ ಶಾಲೆಯ ಜೊತೆಯಲ್ಲಿ ಕಾಣದಿದ್ದರೆ ಮುಂದೆ ಎಂದೂ ಕಾಣದ ಹುಡುಗಿಯರು ನಮ್ಮಲ್ಲಿದ್ದಾರೆ. ಆದರೆ ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಕತ್ತಲಾದ ಮೇಲೆ ನಮ್ಮ ಬಸ್ಸು ದಾರಿಯ ಮೇಲಿರದು. ಒಬ್ಬನೇ ಚಾಲಕನಿರುವ ಬಸ್ಸನ್ನು ದೂರದ ಊರಿಗೆ ಗೊತ್ತುಮಾಡುವುದಿಲ್ಲ. ನೀರಿರುವ ಕಡೆ ಮಕ್ಕಳು ದಡದಲ್ಲಿ ನಿಂತು ನೋಡಬೇಕೇ ಹೊರತು ಪಾದವನ್ನೂ ಅದ್ದುವಂತಿಲ್ಲ. ಈ ಕಟ್ಟಳೆಗಾಗಿ ಮಕ್ಕಳು ನಮ್ಮನ್ನು ಬಹಳವಾಗಿ ಶಪಿಸುತ್ತಾರೆಂದು ಬಲ್ಲೆವು. ಹೊರಡುವ ಬೆಳಿಗ್ಗೆ ಮೊದಲು ಟೈರುಗಳನ್ನೂ ಚಾಲಕನ ಲೈಸೆನ್ಸನ್ನೂ ನೋಡುತ್ತೇವೆ, ಆಮೇಲೆ 121ನೆಯ ಕೀರ್ತನೆಯನ್ನು ಓದಿ ಪ್ರಾರ್ಥನೆ ಮಾಡುತ್ತೇವೆ. ಚಾಲಕರು ಯಾವ ಮತದವರಾದರೂ ಆ ಹೊತ್ತಿನಲ್ಲಿ ಕೆಳಗಿಳಿದು ಮಕ್ಕಳೊಡನೆ ತಲೆಬಾಗಿ ನಿಲ್ಲುತ್ತಾರೆ. ತಾನು ಯಾರ ಮಕ್ಕಳನ್ನು ಕರೆದೊಯ್ಯುತ್ತಿದ್ದೇನೆಂಬುದು ಆ ಒಂದು ನಿಮಿಷದಲ್ಲಿ ಅವರ ಮನಸ್ಸಿಗೂ ಬರುವಂತೆ ನಮಗೆ ತೋರುತ್ತದೆ.

ಇನ್ನು ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬರುವವರಿಗೆ ಒಂದು ಸೂಚನೆ. ಸ್ಕೂಟರಿನಲ್ಲಿ ಬರುವವರು ಹೆದ್ದಾರಿಯ ನಡುದಾರಿಯನ್ನು ಬಿಟ್ಟು ಪಕ್ಕದ ಸೇವಾ ರಸ್ತೆಯಲ್ಲಿಯೇ ಬರತಕ್ಕದ್ದು. ಹಿಂದೆ ಕುಳಿತವರಿಗೂ ಮಕ್ಕಳಿಗೂ ಹೆಲ್ಮೆಟ್ ಇರಲಿ, ಗೇಟಿನ ಬಳಿ ಅವುಗಳನ್ನು ಇಡಲು ಮೇಜು ಹಾಕಿಸುತ್ತೇವೆ. ಕನಕಪುರದ ಕಾಡಂಚಿನ ಊರುಗಳವರೂ ಮಾಗಡಿಯ ಕಡೆಯವರೂ ಬೆಳಕಿರುವಾಗಲೇ ಮನೆ ಸೇರುವಂತೆ, ಈ ಸಾರಿ ಹಾಡುಗಳನ್ನು ಸ್ವಲ್ಪ ಕಡಿಮೆಮಾಡಿ, ಕಾರ್ಯಕ್ರಮವನ್ನು ಮೂರೂವರೆ ಗಂಟೆಗೆ ಮುಗಿಸಲಾಗುವುದು. ಊಟವು ಹನ್ನೆರಡೂವರೆಗೆ.